ಸೂಗಪ್ಪನವರ ಮಾಳಿಗೆಯ ಮೊದಲ ಸೊಪ್ಪು

ಮಲ್ಕಾಜ್‌ಗಿರಿ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸೂಗಪ್ಪನವರ ಮನೆ. ಹುಟ್ಟಿದ್ದು ಸೇಡಂ ಕಡೆಯ ಹಳ್ಳಿಯಲ್ಲಿ. ಇಪ್ಪತ್ತಾರು ವರ್ಷ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದವರು. ಹೈದರಾಬಾದಿನ ಆ ತುದಿಯಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡ ಏಳುತ್ತಿದ್ದ ಕಾಲಕ್ಕೇ ಈ ತುದಿಯಲ್ಲಿ ಅವರ ಕಾರ್ಖಾನೆಗೆ ಬೀಗ ಬಿತ್ತು. ಐವತ್ಮೂರನೇ ವಯಸ್ಸಿಗೆ ಅವರು ಮನೆ ಹಿಡಿದರು.

ಮೊದಲ ತಿಂಗಳು ಮನೆಯ ನಲ್ಲಿ, ಬಾಗಿಲ ಚಿಲಕ, ಹೆಂಡತಿಯ ಹೊಲಿಗೆ ಯಂತ್ರ ಎಲ್ಲ ರಿಪೇರಿಯಾದವು. ಎರಡನೇ ತಿಂಗಳು ಅಕ್ಕಪಕ್ಕದ ಮನೆಗಳವು. ಮೂರನೇ ತಿಂಗಳಿಗೆ ಗಲ್ಲಿಯಲ್ಲಿ ಕೆಟ್ಟದ್ದು ಅಂತ ಏನೂ ಉಳಿಯಲಿಲ್ಲ. ಆಮೇಲೆ ಸೂಗಪ್ಪನವರು ಟಿ.ವಿ. ಮುಂದೆ ಕೂತರು. ಗಡ್ಡ ಬೋಳಿಸುವುದನ್ನು ಬಿಟ್ಟರು. ಕರೆದರೆ ‘ಹೂಂ’, ಕೇಳಿದರೆ ‘ಹೂಂ’.

ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಶುರುವಾಗಿದೆ, ದಿನಾ ಸೊಪ್ಪು ತಿನ್ನಿ, ಮೈ ಬಗ್ಗಿಸಿ ಕೆಲಸ ಮಾಡಿ ಎಂದರು. ಹೆಂಡತಿ ಬಸಲಿಂಗಮ್ಮ ಅವತ್ತೇ ಮಾತು ತೆಗೆದರು.

“ಮಾಳಿಗಿ ಖಾಲಿ ಬಿದ್ದೈತ್ರಿ. ನಾಕು ಕಾಯಿಪಲ್ಯ ಯಾಕ ಹಚ್ಚಬಾರದು?”

“ಹಚ್ಚಿದ್ರ ಸರಿಯಾಗಿ ಹಚ್ಚಬೇಕು,” ಎಂದರು ಸೂಗಪ್ಪ.

ಅವರ ‘ಸರಿಯಾಗಿ’ ಎಂದರೆ ಸಣ್ಣದಲ್ಲ. ಚೌಕಳಿ ಕಾಗದದ ಮೇಲೆ ಮಾಳಿಗೆಯ ನಕ್ಷೆ ಬರೆದರು. ಅಂಗಡಿಗೆ ಹೋಗಿ, ಚಿತ್ರ ಚೆಂದ ಇರುವ ಬೀಜದ ಪೊಟ್ಟಣಗಳನ್ನೇ ಆರಿಸಿ ತಂದರು. ಹೂಕೋಸು, ಗಜ್ಜರಿ ಅಂದರೆ ಕ್ಯಾರೆಟ್, ಡೊಣ್ಣ ಮೆಣಸಿನಕಾಯಿ. ಯುಗಾದಿ ಮುಗಿದು ವಾರವಾಗಿತ್ತು, ಮಾಳಿಗೆಯ ಮೇಲೆ ಬರಿಗಾಲಿಡಲು ಆಗದಂಥ ಬಿಸಿಲು. ಪ್ಲಾಸ್ಟಿಕ್ ಬಕೆಟ್ಟುಗಳಿಗೆ ಮಣ್ಣು ತುಂಬಿ, ಅಳತೆಪಟ್ಟಿ ಹಿಡಿದು ಬೀಜ ಊರಿದರು. ಬೇಗ ಬರಲಿ ಎಂದು ಒಂದೊಂದಕ್ಕೂ ಎರಡೆರಡು ಹಿಡಿ ಯೂರಿಯಾ. ಬೆಳಿಗ್ಗೆ ಒಂದು ಕೊಡ ನೀರು, ಸಂಜೆ ಒಂದು ಕೊಡ.

ಗಜ್ಜರಿ ಮೊಳೆಯಲೇ ಇಲ್ಲ. ಹೂಕೋಸಿನ ನಾಲ್ಕು ಸಸಿ ಎದ್ದು, ಹಳದಿಯಾಗಿ, ಸುಟ್ಟುಕೊಂಡು ಹೋದವು. ಮೆಣಸಿನ ಸಸಿ ಬುಡದಲ್ಲೇ ಕೊಳೆಯಿತು. ಸೂಗಪ್ಪನವರು ಬಕೆಟ್ಟುಗಳನ್ನು ಮಾಳಿಗೆಯ ಮೂಲೆಗೆ ಒಗೆದು ಬಂದರು.

“ಕಬ್ಬಿಣ ನನ್ನ ಮಾತು ಕೇಳತಿತ್ತು. ಮಣ್ಣು ಕೇಳವಲ್ದು. ಇನ್ನ ನನ್ನ ಕೈಲಿ ಏನೂ ಆಗಂಗಿಲ್ಲ ಬಿಡು,” ಎಂದು ಮತ್ತೆ ಟಿ.ವಿ. ಮುಂದೆ ಕೂತರು.

‘ಏನೂ ಆಗಂಗಿಲ್ಲ’ ಎಂಬ ಆ ಮಾತು ಬಸಲಿಂಗಮ್ಮನ ಕಿವಿಗೆ ಬಿತ್ತು. ಅದು ಬರೀ ಹೂಕೋಸಿನ ಮಾತಲ್ಲ ಎಂದು ಆಕೆಗೆ ತಿಳಿಯಿತು.

ಅದೇ ದಿನಗಳಲ್ಲಿ ಪಕ್ಕದ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಜೂನ್ ಮಳೆ ಶುರುವಾದ ಮೇಲೊಂದು ಬೆಳಿಗ್ಗೆ, ಕಾಂಪೌಂಡಿನ ಆಚೆಯಿಂದ ಕನ್ನಡದ ಮಾತು ಕೇಳಿಸಿತು. ಬಸಲಿಂಗಮ್ಮ ಇಣುಕಿ ನೋಡಿದರು. ಇಟ್ಟಿಗೆ ಹೊರುವ ಹೆಂಗಸು. ಹೆಸರು ಹಂಪಮ್ಮ. ಸುರಪುರ ಕಡೆಯವಳು, ಗಂಡ ಅಮರಯ್ಯ ಅಲ್ಲೇ ಗೋಡೆ ಕಟ್ಟುವ ಗೌಂಡಿ. ಅವರ ತಗಡಿನ ಗುಡಿಸಲ ಪಕ್ಕ ಏಳೆಂಟು ಹಳೇ ಸಿಮೆಂಟ್ ಚೀಲ ನಿಂತಿದ್ದವು. ಒಂದೊಂದರಲ್ಲೂ ಹಸಿರು ತುಳುಕುತ್ತಿತ್ತು.

ಕುಡಿಯುವ ನೀರಿನ ಕೊಡ ಆಚೆ ಹೋಯಿತು, ಒಂದು ಸೂಡು ಪುಂಡಿಪಲ್ಯ ಈಚೆ ಬಂತು. ಇಲ್ಲಿಯ ಮಂದಿ ಗೋಂಗೂರ ಎನ್ನುವ ಅದೇ ಹುಳಿ ಸೊಪ್ಪು. ಮಧ್ಯಾಹ್ನ ಸೂಗಪ್ಪನವರು ಎರಡು ಜೋಳದ ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದರು.

“ಯಾವ ಅಂಗಡೀದು?”

“ಅಂಗಡೀದಲ್ಲ. ಬಾಜೂಕ ಕೆಲಸದ ಹುಡುಗಿ ಬೆಳದಿದ್ದು. ಸಿಮೆಂಟ್ ಚೀಲದಾಗ.”

“ಸುಳ್ಳ ಹೇಳಬ್ಯಾಡ.”

ಅಮಾವಾಸ್ಯೆಗೆ ಕೆಲಸಕ್ಕೆ ರಜೆ. ಬಸಲಿಂಗಮ್ಮ ಹಂಪಮ್ಮನನ್ನು ಚಹಾಕ್ಕೆ ಕರೆದು, ಬೀಜ ಊರಿದ ಕಥೆಯೆಲ್ಲ ಹೇಳುತ್ತ ನೇರ ಮಾಳಿಗೆಗೆ ಹತ್ತಿಸಿದರು. ಸೂಗಪ್ಪನವರು ಗೊಣಗುತ್ತಲೇ ಹಿಂದೆ ಬಂದರು. ಹಂಪಮ್ಮ ಒಂದು ಬಕೆಟ್ ಬೋರಲು ಹಾಕಿ ತಳ ತಟ್ಟಿದಳು.

“ತೂತಿಲ್ಲಲ್ರಿ ಕಾಕಾ! ನೀರು ಎಲ್ಲಿಗಿ ಹೋಗಬೇಕು? ಬೇರು ನೀರಾಗ ಕುಂತು ಕೊಳತಾವು. ಮ್ಯಾಲೆ ಯೂರಿಯಾ ಬ್ಯಾರೆ ಹಾಕೀರಿ. ಕೂಸಿಗಿ ಯಾರರ ಖಾರದ ಪುಡಿ ತಿನ್ನಸ್ತಾರೇನು?”

“ಪೊಟ್ಟಣದ ಮ್ಯಾಲಿದ್ದಂಗ ಮಾಡೀನಿ.”

“ಪೊಟ್ಟಣಕ್ಕ ಬಿಸಿಲು ಹತ್ತತೈತೇನು? ಹೂಕೋಸು, ಗಜ್ಜರಿಗಿ ಚಳಿ ಬೇಕ್ರಿ. ರೋಗ, ಹುಳದ ಕಾಟಾನೂ ಭಾಳ. ನೀವು ಮೊದಲ ಸಲ ಹಚ್ಚವ್ರು, ಅಂಥಾದ್ದು ಯಾಕ ಹಿಡದ್ರಿ?”

ಸೂಗಪ್ಪನವರು ಮುಖ ಗಂಟಿಕ್ಕಿದರು. ಹಂಪಮ್ಮ ಬಿಡಲಿಲ್ಲ.

“ನಿಮ್ಮ ಕಾರ್ಖಾನಿಗಿ ಹೊಸಾ ಹುಡುಗ ಬಂದ್ರ ಮೊದಲನೇ ದಿನಾನ ದೊಡ್ಡ ಮಷೀನ್ ಕೊಡತಿದ್ರೇನು ಕಾಕಾ?”

“ಏ ಇಲ್ಲವ್ವಾ. ಕೈ ಕತ್ತರಿಸ್ಕೊಂಡು ಕೂಡತಾನ. ಮೊದಲ ಅರ ಕೊಟ್ಟು ಕಬ್ಬಿಣದ ತುಂಡು ತಿಕ್ಕಸ್ತಿದ್ವಿ. ಆರು ತಿಂಗಳು ಅದ.”

“ಹಂಗಾದ್ರ ನೀವೂ ಆರು ತಿಂಗಳು ಸೊಪ್ಪು ಬೆಳೀರಿ.”

ಬಸಲಿಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸೂಗಪ್ಪನವರಿಗೂ, ಎಷ್ಟೋ ತಿಂಗಳ ಮೇಲೆ, ಮೀಸೆಯಡಿ ನಗು ಬಂತು.

ಆ ಮಧ್ಯಾಹ್ನವೇ ಕೆಲಸ ಹಿಡಿದರು. ಸಿಮೆಂಟ್ ಚೀಲಗಳನ್ನು ಚೆನ್ನಾಗಿ ತೊಳೆದು, ಒಳಹೊರಗು ಮಾಡಿ, ತಳಕ್ಕೆ ಐದಾರು ತೂತು ಹೊಡೆದರು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೇ ಸಗಣಿ ಗೊಬ್ಬರ, ಒಂದಿಷ್ಟು ಉಸುಕು. ಬೀಜಕ್ಕೆ ಅಂಗಡಿಗೆ ಓಡುವುದೂ ಬೇಕಾಗಲಿಲ್ಲ. ಅಡುಗೆಮನೆಯ ಡಬ್ಬಿಯ ಮೆಂತ್ಯವನ್ನು ಒಂದು ರಾತ್ರಿ ನೆನೆಸಿ ಚೆಲ್ಲಿದರೆ ಆಯಿತು. ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿ ಬಿತ್ತಿದರು. ದಂಟಿನ ಸೊಪ್ಪಿನಂಥ ರಾಜಗಿರಿಯ ಬೀಜ ಬಲು ಸಣ್ಣದು, ಉಸುಕಿನಲ್ಲಿ ಕಲಸಿ ಉದುರಿಸಿದರು. ಅದನ್ನೂ ಪುಂಡಿ ಬೀಜವನ್ನೂ ಹಂಪಮ್ಮನೇ ಕೊಟ್ಟಳು.

“ಗಡಿಯಾರ ನೋಡಿ ನೀರು ಹಾಕಬ್ಯಾಡ್ರಿ ಕಾಕಾ. ಬೆರಳು ಮಣ್ಣಾಗ ಇಡ್ರಿ. ಹಸಿ ಐತಿ ಅಂದ್ರ ಸುಮ್ನ ಇರ್ರಿ. ಒಣಗೈತಿ ಅಂದ್ರ ಅಕ್ಕಿ ತೊಳದ ನೀರು ಹಾಕ್ರಿ.”

ನಾಲ್ಕನೇ ಬೆಳಿಗ್ಗೆ ಮಾಳಿಗೆಯಿಂದ ಕೂಗು ಬಂತು. “ಲಿಂಗವ್ವಾ! ಬಾ, ಲಗೂನ ಬಾ!” ಏನಾಯಿತೋ ಎಂದು ಬಸಲಿಂಗಮ್ಮ ಹಿಟ್ಟಿನ ಕೈಯಲ್ಲೇ ಓಡಿ ಹತ್ತಿದರು. ಗಂಡ ಮೊಣಕಾಲೂರಿ ಕೂತು ಚೀಲದೊಳಗೆ ನೋಡುತ್ತಿದ್ದರು. ಮೆಂತ್ಯದ ಮೊಳಕೆಗಳು ಮಣ್ಣಿನ ಪದರವನ್ನು ತಲೆಯ ಮೇಲೆ ಹೊತ್ತು ಏಳುತ್ತಿದ್ದವು.

ಕೊತ್ತಂಬರಿ ಮಾತ್ರ ಎಂಟು ದಿನವಾದರೂ ಏಳಲಿಲ್ಲ. ಸೂಗಪ್ಪನವರು ಚೀಲ ಬೋರಲು ಹಾಕಲು ಹೊರಟಾಗ ಹಂಪಮ್ಮ ಗೋಡೆಯಾಚೆಯಿಂದಲೇ ಕೂಗಿದಳು. “ಮುಟ್ಟಬ್ಯಾಡ್ರಿ! ಅದಕ್ಕ ಹತ್ತು ಹನ್ನೆರಡು ದಿನ ಬೇಕು!” ಹನ್ನೊಂದನೇ ದಿನ ಅದೂ ಎದ್ದಿತು. ದೊಡ್ಡ ಮಳೆ ಬಂದಾಗ ಸಣ್ಣ ಸಸಿಗಳ ಚೀಲಗಳನ್ನು ಸೂರಿನ ಕೆಳಗೆ ಎಳೆಯಲು ಸೂಗಪ್ಪನವರು ನೆನೆಯುತ್ತ ಓಡಿದರು. ತಿಂಗಳು ತುಂಬುವುದರೊಳಗೆ ಮನೆಯ ಮೆಂತ್ಯ ಪಲ್ಯ ತಾಟಿಗೆ ಬಂತು. ಆಮೇಲೆ ರಾಜಗಿರಿ. ಪುಂಡಿಯನ್ನು ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರಿತು. ಸೊಪ್ಪು ಕೈಗೆ ಬಂದ ಮೇಲೆ ಬೆಂಡೆ, ಗೋರಿಕಾಯಿ ಎನ್ನುವ ಚವಳಿ ಹಾಕಿದರು. ಗಡ್ಡ ಹೋಯಿತು, ಟಿ.ವಿ.ಯ ಮೇಲೆ ಧೂಳು ಕೂತಿತು.

ದೀಪಾವಳಿಗೆ ಅಪಾರ್ಟ್‌ಮೆಂಟಿನ ಗೋಡೆ ಕೆಲಸ ಮುಗಿಯಿತು. ಹಂಪಮ್ಮನ ಗುಂಪನ್ನು ಮೇಸ್ತ್ರಿ ಗಚ್ಚಿಬೌಲಿಯ ಆಚೆ, ಹೊಸ ಕಂಪ್ಯೂಟರ್ ಕಟ್ಟಡದ ಕೆಲಸಕ್ಕೆ ಕರೆದ. ಹೊರಡುವ ದಿನ ಅವಳು ತನ್ನ ಚೀಲಗಳನ್ನೆಲ್ಲ ಸೂಗಪ್ಪನವರ ಬಾಗಿಲಿಗೆ ತಂದಿಟ್ಟಳು.

“ಅಲ್ಲಿ ಬರೇ ಬಂಡೆ ಅಂತ ಕಾಕಾ. ಒಂದು ಬುಟ್ಟಿ ಮಣ್ಣು ಸಿಗಂಗಿಲ್ಲಂತ. ಇವು ನಿಮ್ಮತ್ರನ ಇರಲಿ.”

ಸೂಗಪ್ಪನವರು ‘ಹೂಂ’ ಎಂದರು, ಅಷ್ಟೇ. ಆ ವಾರವೆಲ್ಲ ಮಾಳಿಗೆಯಿಂದ ಹಂಪಮ್ಮನ ಗುಡಿಸಲಿದ್ದ ಖಾಲಿ ಜಾಗ ನೋಡುತ್ತ ನಿಲ್ಲುತ್ತಿದ್ದರು. ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಎರಡು ಚೀಲ ಮಣ್ಣು, ಒಂದಿಷ್ಟು ಬೀಜ ಕಟ್ಟಿ, “ನಡಿ ಲಿಂಗವ್ವಾ,” ಎಂದರು.

ಮೆಹದಿಪಟ್ಟಣದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ತೆಲುಗಿನಲ್ಲಿ ತಡೆದ. “ಏಂಟಿ ಸಾರ್ ಇದಿ, ಮಟ್ಟಿ?”

“ಮಣ್ಣಲ್ಲಪ್ಪಾ,” ಎಂದರು ಸೂಗಪ್ಪ ಗತ್ತಿನಿಂದ, ರಾಜಗಿರಿಗೂ ಪುಂಡಿಗೂ ತೆಲುಗಿನ ಹೆಸರನ್ನೇ ಹೇಳುತ್ತ. “ತೋಟಕೂರ, ಗೋಂಗೂರ. ಇನ್ನೂ ಎದ್ದಿಲ್ಲ, ಅಷ್ಟ.” ಕಂಡಕ್ಟರ್ ನಕ್ಕು ದಾರಿ ಬಿಟ್ಟ.

ಬಂಡೆಗಳ ನಡುವಿನ ತಗಡಿನ ಸಾಲಿನಲ್ಲಿ ಅವರನ್ನು ಕಂಡು ಹಂಪಮ್ಮ ಓಡಿ ಬಂದಳು. ಬಸಲಿಂಗಮ್ಮನ ಕೈ ಹಿಡಿದುಕೊಂಡು ನಿಂತಳು. ಹತ್ತಾರು ಹೆಂಗಸರು ಸುತ್ತ ನೆರೆದರು. ಸೂಗಪ್ಪನವರು ಚೀಲ ನಿಲ್ಲಿಸಿ, ಗಂಟಲು ಸರಿಪಡಿಸಿಕೊಂಡು, ಪಾಠ ಶುರು ಮಾಡಿದರು.

“ನೋಡ್ರವ್ವಾ, ಮೊದಲು ಸೊಪ್ಪಿನಿಂದ ಶುರು ಮಾಡಬೇಕು. ಚೀಲಕ್ಕ ತೂತು ಇರಬೇಕು. ನೀರು ಹಾಕೂ ಮೊದಲು ಹಿಂಗ ಬೆರಳು ಇಡಬೇಕು…”

ಆ ಹೆಂಗಸರೆಲ್ಲ ಹೊಲದಲ್ಲೇ ಹುಟ್ಟಿ ಬೆಳೆದವರು. ಒಬ್ಬಳಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು. ಹಂಪಮ್ಮ ಅವಳನ್ನು ಮೆಲ್ಲಗೆ ಚಿವುಟಿ, ಕಣ್ಣೊರೆಸಿಕೊಂಡು ಹೇಳಿದಳು.

“ಹೇಳ್ರಿ ಕಾಕಾ. ಕೇಳಾಕತ್ತೀವಿ.”

ಓದುವ ಅಕ್ಕ, ಅಣ್ಣ, ನಿಮ್ಮ ಮಾಳಿಗೆಯ ಮೇಲೋ ಕಿಟಕಿಯ ಕೆಳಗೋ ಎರಡು ಚೀಲ ಇಡುವಷ್ಟು ಜಾಗ ಇದ್ದೇ ಇರುತ್ತದೆ. ಹೂಕೋಸಿನ ಚಿತ್ರಕ್ಕೆ ಮರುಳಾಗಬೇಡಿ, ಅದಕ್ಕೆ ಮುಂದೆ ಕಾಲ ಬರುತ್ತದೆ. ಬಿಸಿಲಿಗೂ ಮಳೆಗೂ ಜಗ್ಗದ ಪುಂಡಿ, ರಾಜಗಿರಿ ಹಾಕಿ. ತಂಪು ದಿನಗಳಲ್ಲಿ ಮೆಂತ್ಯ, ಕೊತ್ತಂಬರಿ, ಪಾಲಕ ಸುಲಭ. ಅವು ಬಂದ ಮೇಲೆ ಬೆಂಡೆ, ಚವಳಿ. ಒಂದು ಸಲ ಸತ್ತರೆ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ, ಗೊತ್ತಿದ್ದವರನ್ನು ಕೇಳಿ. ಅಂಥವರು ನಿಮ್ಮ ಗೋಡೆಯ ಆಚೆಯೇ ಇರಬಹುದು. ಇವತ್ತು ಸಂಜೆ ಒಂದು ಹಿಡಿ ಮೆಂತ್ಯ ನೆನೆಹಾಕಿ ಮಲಗಿ. ಮೊದಲ ಕಟ್ಟು ಬಂದಾಗ ಅರ್ಧ ನೆರೆಮನೆಗೆ ಕೊಡಿ.