ಹನ್ನೊಂದು ಪೆಟ್ಟಿಗೆ ಕೆಂಪು ಗಡ್ಡೆ

ಬೀಜದ ಉಗ್ರಾಣದ ಹೊಸ್ತಿಲಿಗೆ ಅಡ್ಡವಾಗಿ ಅತ್ತಿಗೆ ಕುಳಿತುಬಿಟ್ಟಿದ್ದಳು. ಉಗ್ರಾಣ ನೋಡಿಕೊಳ್ಳುವ ಮೈದುನ ಕರೆದೂ ಕರೆದೂ ಅವಳೀಗ ಊರಿಗೆಲ್ಲ ಅತ್ತಿಗೆಯೇ.

"ಏಳಿ ಅತ್ತಿಗೆ. ನಾಳೆ ಲಾರಿ ಬರುತ್ತೆ. ಎಲ್ಲರೂ ಒಂದೇ ಬೀಜ ಹಾಕ್ಬೇಕು, ಹಳೇದು ಒಂದೂ ಇರ್ಬಾರ್ದು ಅಂತ ಸಂಘದಲ್ಲಿ ತೀರ್ಮಾನ ಆಗಿದೆ."

ಒಳಗೆ ಮೊದಲನೇ ಅಟ್ಟಣೆಯಲ್ಲಿ ಹನ್ನೊಂದು ಪೆಟ್ಟಿಗೆ ಕೆಂಪು ಆಲೂಗಡ್ಡೆ ಮೊಳಕೆ ಬಿಡುತ್ತಿತ್ತು. ಅವಳ ಅತ್ತೆಯ ಕಾಲದಿಂದ ಬಂದ ತಳಿ. ಬಿಸಿಲಿಗೆ ಬಗ್ಗದ್ದು, ಬೇರೆಲ್ಲೂ ಸಿಗದ್ದು. ಎರಡು ವರ್ಷದ ಹಿಂದೆ ನಲವತ್ತು ಪೆಟ್ಟಿಗೆ ಇತ್ತು. ಸಂಜೆ ಬೀಜದ ಗಡ್ಡೆಯನ್ನು ತುಂಡುತುಂಡಾಗಿ ಕೊಯ್ದು ಬೆಳಿಗ್ಗೆ ನೆಡುವುದು ಊರಿನ ರೂಢಿ. ಮಣ್ಣು ತಣ್ಣಗಿದ್ದ ಕಾಲದಲ್ಲಿ ಅದು ನಡೆಯುತ್ತಿತ್ತು. ಆ ವರ್ಷ ಮಣ್ಣು ಸ್ನಾನದ ನೀರಿನಷ್ಟು ಬೆಚ್ಚಗಿತ್ತು. ಕೊಯ್ದ ಗಾಯ ಆರುವ ಮೊದಲೇ ತುಂಡುಗಳೆಲ್ಲ ಕೊಳೆತುಹೋದವು; ಚಿಕ್ಕವೆಂದು ಕೊಯ್ಯದೆ ಬಿಟ್ಟ ಗಡ್ಡೆಗಳಿಂದ ಉಳಿದದ್ದೇ ಈ ಹನ್ನೊಂದು. ಕೈಯಾರೆ ಕೊಂದೆನಲ್ಲ ಎಂದು ಅವಳು ದೇವರ ಮುಂದೆ ಅತ್ತಿದ್ದಳು. ಅಂದಿನಿಂದ ಬೀಜಕ್ಕೆ ಚಾಕು ತಾಗಿಸಿರಲಿಲ್ಲ.

"ಗೋಲಿ ಗಾತ್ರದ ಗಡ್ಡೆಗೆ ಇಷ್ಟು ರಂಪಾನಾ?" ಎಂದ ಮೈದುನ.

"ಗೋಲಿನೋ ಗುಂಡೋ, ಇವು ಹೋದ್ರೆ ನಿನ್ನ ಲಾರಿಯವನು ತಂದ್ಕೊಡ್ತಾನೇನಪ್ಪಾ?"

ಲಾರಿ ಬರುವುದು ತಪ್ಪದು ಎಂದು ಕಂಡು ಅತ್ತಿಗೆಯೇ ಎದ್ದಳು.

"ಸರಿ, ನಾನೇ ಹೊತ್ಕೊಂಡು ಹೋಗ್ತೀನಿ. ಎಸೆಯೋ ಭಾಗ್ಯ ನಿನಗೆ ಕೊಡಲ್ಲ. ಆದ್ರೆ ಆ ಅಟ್ಟಣೆ ನಮ್ಮತ್ತೆ ಹಾಕಿಸಿದ್ದು. ಜ್ಞಾಪಕ ಇಟ್ಕೊ, ವಾಪಸ್ ಬರ್ತೀನಿ."

ಮೈದುನನ ಹೆಂಡತಿ, ಅವಳ ಓರಗಿತ್ತಿ, ಗಂಡನನ್ನು ದುರುಗುಟ್ಟಿ ನೋಡಿ, ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಳು. ಅತ್ತಿಗೆಯ ಮಲಗುವ ಕೋಣೆಯಿಂದ ಮಂಚ ಹೊರಬಿತ್ತು, ಗಡ್ಡೆ ಒಳಗೆ ಬಂತು.

"ನೀವೆಲ್ಲಿ ಮಲಗ್ತೀರಿ ಅಕ್ಕಾ?"

"ಹಜಾರದಲ್ಲಿ. ತಂಪು ಬೇಕಾಗಿರೋದು ಅವಕ್ಕೆ. ನನಗೆ ನಿದ್ದೆ ಬಂದ್ರೆ ಸಾಕು."

ಸಂಘ ಗೊತ್ತುಮಾಡಿದ ತಾರೀಖಿಗೆ ಊರೆಲ್ಲ ಲಾರಿಯ ಬೀಜ ಕೊಯ್ದು ನೆಟ್ಟಿತು. "ಒಂದು ವಾರ ತಡೀರಿ, ಮಣ್ಣು ಸುಡ್ತಿದೆ," ಎಂದು ಅತ್ತಿಗೆ ಮನೆಮನೆಗೆ ಹೇಳಿ ಬಂದಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಮಾತ್ರ ದಿನಾ ಬೆಳಿಗ್ಗೆ ಹೊಲದಲ್ಲಿ ಮಂಡಿಯೂರಿ, ಅಂಗೈಯನ್ನು ಮಣ್ಣೊಳಗೆ ಹುದುಗಿಸಿ, ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಕಣ್ಣು ಮುಚ್ಚುತ್ತಿದ್ದಳು. ಬಿಸಿ. ಎದ್ದು ಬರುತ್ತಿದ್ದಳು.

"ಭೂಮಿಗೆ ಜ್ವರ ಇಳೀತಾ ಅತ್ತಿಗೆ?" ಎಂದು ದಾರಿಹೋಕರು ಕಿಚಾಯಿಸಿದರು.

"ಮೊದಲು ನಿಮ್ಮ ಪಿತ್ತ ಇಳೀಲಿ, ಹೋಗ್ರಪ್ಪ."

ಸಂಘದ ಕಾರ್ಯದರ್ಶಿಯೂ ಬಂದ. "ತಾರೀಖು ಮೀರಿದೋರಿಗೆ ನೀರಿನ ಸರದಿ ಇಲ್ಲ."

"ಇಟ್ಕೊಳ್ಳಿ."

"ನೀರಿಲ್ದೆ ಗಡ್ಡೆ ಬೆಳೀತೀರೇನು?"

"ನೀರಿಲ್ದೆ ಅಂತ ಯಾರು ಹೇಳಿದ್ರು? ನಿಮ್ಮ ನೀರಿಲ್ದೆ."

ಹನ್ನೆರಡನೆಯ ದಿನ, ಒಂದು ಸಣ್ಣ ಮಳೆಯ ಮರುದಿನ, ಅಂಗೈಗೆ ತಂಪು ತಾಗಿತು. ಅತ್ತಿಗೆ, ಓರಗಿತ್ತಿ ಇಬ್ಬರೂ ಸೇರಿ ಇಡೀ ಗಡ್ಡೆಗಳನ್ನೇ ಮೊಳಕೆ ಮೇಲಾಗಿ ಕೂರಿಸಿದರು. ಸಾಲಿನ ಮೇಲೆ ಮೊಣಕಾಲೆತ್ತರ ಒಣಹುಲ್ಲು ಹೊದಿಸಿದರು. ಬಿದ್ದ ಹನಿ ಆರಿಹೋಗದಂತೆ ಹುಲ್ಲು ಹಿಡಿದುಕೊಂಡಿತು.

ಅಷ್ಟರಲ್ಲಿ ಊರ ಹೊಲಗಳಿಂದ ಕೊಳೆತ ಗಡ್ಡೆಯ ಆ ಹಳೆಯ ನಾತ ಬರತೊಡಗಿತ್ತು. ಮೈದುನ ತನ್ನ ಸಾಲನ್ನು ಕೆದಕಿದರೆ ಬೆರಳಿಗೆ ಅಂಟಿದ್ದು ಬರೀ ಲೋಳೆ. ಅವನು ಅತ್ತಿಗೆಯ ಬದುವಿನ ಮೇಲೆ ಬಂದು ನಿಂತ. ಆ ನಾತ ಅವಳಿಗೂ ಗೊತ್ತಿತ್ತು.

ಅವಳ ಬೆಳೆಯೂ ಪೂರ್ತಿ ಗೆಲ್ಲಲಿಲ್ಲ. ಹುಲ್ಲು ಸಾಲದೆ ಹೋದ ಕೊನೆಯ ಮೂರು ಸಾಲು ಬಿಸಿಲಿಗೆ ಬೆಂದವು. ಉಳಿದ ಸಾಲುಗಳಿಂದ ಕೈಗೆ ಬಂದದ್ದು ಇಪ್ಪತ್ತಾರು ಪೆಟ್ಟಿಗೆ. ಆ ವರ್ಷ ಅವಳ ಒಲೆಯ ಮೇಲೆ ಒಂದೂ ಆಲೂಗಡ್ಡೆ ಬೇಯಲಿಲ್ಲ, ಎಲ್ಲವೂ ಬೀಜಕ್ಕೆ.

ಮೊದಲ ಪೆಟ್ಟಿಗೆ ಹೊತ್ತು ಅವಳು ಉಗ್ರಾಣಕ್ಕೆ ಬಂದಾಗ, ಅಟ್ಟಣೆಯ ಮೇಲೆ ಲಾರಿ ಬೀಜದ ಖಾಲಿ ಚೀಲಗಳಿದ್ದವು.

"ಸಂಘದೋರು ಕೇಳಿದ್ರೆ ಏನನ್ಲಿ ಅತ್ತಿಗೆ?"

"ಕೇಳ್ಲಿ. ನಾನಿಲ್ಲೇ ಇರ್ತೀನಲ್ಲ."

ಮೈದುನ ಚೀಲಗಳನ್ನು ಕೆಳಗೆಳೆದ. ಆಮೇಲೆ ನೆಲ ನೋಡುತ್ತ, "ನಮಗೂ ಒಂದು ಪೆಟ್ಟಿಗೆ..." ಎಂದ.

"ಕೊಡ್ತೀನಿ. ಚಾಕು ತಾಗ್ತು ಅಂತ ಗೊತ್ತಾದ್ರೆ ಹೊಲಕ್ಕೇ ಬಂದು ಕಿತ್ಕೊಂಡು ಹೋಗ್ತೀನಿ, ನೋಡು."

ಅವಳು ಪೆಟ್ಟಿಗೆಯನ್ನು ಅತ್ತೆಯ ಅಟ್ಟಣೆಯ ಮೇಲಿಟ್ಟಳು. ಕಣ್ಣು ಮುಚ್ಚಿ ಕೈ ಮುಗಿದಳು. ಇನ್ನೂ ಇಪ್ಪತ್ತೈದು ಬರುವುದಿತ್ತು. ಬಾಗಿಲು ಯಾರೂ ಹಾಕದ ಹಾಗೆ ಹೊಸ್ತಿಲಿಗೆ ಒಂದು ಕಲ್ಲು ಕೊಟ್ಟು ಹೊರಟಳು.