ಕೋಣೆಯಲ್ಲಿದ್ದವರ ಹಾಡು

ಕುದಿಯುವ ಗ್ರೇವಿ ಸಿಡಿದು ವೆರ್ನಾಳ ಮೊಣಕೈ ಮೇಲೆ ಹೊಸ ಬೊಬ್ಬೆ ಎದ್ದಿತ್ತು. ಗಿಟಾರು ಮಾತ್ರ ಸುಖವಾಗಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ಮೈದಾ ಮೂಟೆಗಳ ಮೇಲೆ ಅಂಗಾತ ಮಲಗಿ ನಿದ್ದೆ ಹೊಡೆಯುತ್ತಿತ್ತು. ಹಾಡುಗಾರ್ತಿಯಾಗುತ್ತೇನೆಂದು ಕೆಂಟಕಿಯ ಬೆಟ್ಟ ಇಳಿದು ಹಾಡುಗಾರರ ಊರಾದ ನ್ಯಾಶ್‌ವಿಲ್ಲಿಗೆ ಬಂದವಳು ವೆರ್ನಾ. ಅವಳ ಹಾಡುಗಳೇನೋ ರೇಡಿಯೋ ಹತ್ತಿದವು. ಅವಳು ಮಾತ್ರ ದಿನಾ ಬಸ್ಸು ಹತ್ತಿ ಗ್ರೇವಿ ಸುರಿದ ಬಿಸಿ ಬಿಸ್ಕೆಟ್, ಅಂದರೆ ಅಲ್ಲಿಯವರ ಮೆತ್ತನೆಯ ಬನ್ನು, ಬಡಿಸಲು ಬರುತ್ತಿದ್ದಳು.

ಕಾರಣ, ರೆಕಾರ್ಡ್ ಕಂಪನಿಯ ಡೂಗನ್ ಸಾಹೇಬ. ಆ ಊರಲ್ಲೊಂದು ಕಟ್ಟಳೆ: ಹಾಡು ಹುಟ್ಟುವಾಗ ಕೋಣೆಯಲ್ಲಿದ್ದವರೆಲ್ಲ ಅದನ್ನು ಬರೆದವರೇ, ಎಲ್ಲರಿಗೂ ಸಮಪಾಲು. ಬಡ ಹಾಡುಗಾರರು ಒಬ್ಬರನ್ನೊಬ್ಬರು ನಂಬಿ ಮಾಡಿಕೊಂಡ ನೇಮ. ಹಾಡು ಹದಕ್ಕೆ ಬರುತ್ತಿದ್ದಂತೆ ಡೂಗನ್ ಹಾಲಿನ ವಾಸನೆ ಹಿಡಿದ ಬೆಕ್ಕಿನ ಹಾಗೆ ಕೋಣೆಗೆ ನುಸುಳುತ್ತಿದ್ದ. ಹಿಂದೆಯೇ ಅವನ ಭಾವಮೈದುನ. ವೆರ್ನಾಳ ಒಂದು ಹಾಡಿಗೆ ಆ ಭಾವಮೈದುನ ಕೊಟ್ಟದ್ದು ಬರೀ ಒಂದು 'ಆಕ್ಷೀ' ಎಂಬ ಸೀನು. ಹಂಚಿ ಹಂಚಿ ಅವಳಿಗೆ ಉಳಿಯುತ್ತಿದ್ದುದು ಪಾತ್ರೆ ತಳದ ಸೀಕಲು.

ಈ ಸಲದ್ದು ಅವಳ ಅವ್ವನ ಕುರಿತ ಹಾಡು. ಅಂಗಿ ಕಾರ್ಖಾನೆಯ ಹೊಲಿಗೆ ಯಂತ್ರಕ್ಕೆ ಬೆರಳು ಕೊಟ್ಟ ಅವ್ವ. ಇದನ್ನಾದರೂ ಉಳಿಸಿಕೊಳ್ಳಬೇಕೆಂದು ವೆರ್ನಾ ಅಡುಗೆಮನೆಯಲ್ಲೇ ಕಟ್ಟಿದಳು. ಕೊನೆಯ ಸಾಲು ಬಂದ ಬೆಳಿಗ್ಗೆ ಡೂಗನ್ ಕಾಫಿ ನೆಪದಲ್ಲಿ ಒಳಗೇ ಬಂದುಬಿಟ್ಟ.

"ಕೊನೇಲಿ ಒಂದು 'ಓಹೋ' ಹಾಕು. ಮುಗೀತು, ನಮ್ಮಿಬ್ಬರ ಹಾಡು!"

ಅವನು ಹೋದಮೇಲೆ ವೆರ್ನಾ ಅವನಂತೆಯೇ ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ "ಓಹೋ, ನಮ್ಮಿಬ್ಬರ ಹಾಡು" ಎಂದಳು. ಪಾತ್ರೆ ತೊಳೆಯುವ ಅರ್ನುಲ್ಫೊ ನಕ್ಕು ಸೋಪಿನ ನೀರಿಗೆ ಬೀಳುವುದೊಂದು ಬಾಕಿ. ಅಡುಗೆಯ ಮುದುಕಿ ಬರ್ನೀಸ್ ನಗಲಿಲ್ಲ.

"ಇಲ್ಲಿ ಅಣಕಿಸ್ತೀಯಲ್ಲೇ, ಅವನ ಮುಂದೆ ಬಾಯಿ ಬಿದ್ದುಹೋಗುತ್ತಾ?"

"ಸ್ಟುಡಿಯೋ ಬಾಗಿಲು ಅವನ ಕೈಲಿದೆ, ಮಿಸ್ ಬರ್ನೀಸ್."

ಆ ಸಂಜೆ ಕಾಫಿ ಅಂಗಡಿಯಲ್ಲಿ ಹಾಡುಗಾರರ ಬೈಠಕ್. ಬರೆದವರು ದುಂಡಗೆ ಕೂತು, ಹಾಡು ಹುಟ್ಟಿದ ಕಥೆ ಹೇಳಿ ಹಾಡಬೇಕು. ಅಡುಗೆಮನೆಯವರೆಲ್ಲ ಕೇಳಲು ಬಂದು ಬಾಗಿಲ ಬಳಿ ನಿಂತಿದ್ದರು. ವೆರ್ನಾಳ ಸರದಿ ಬಂದಾಗ, ಪಕ್ಕದಲ್ಲೇ ಕೂತಿದ್ದ ಡೂಗನ್ ಮೈಕು ಎಳೆದುಕೊಂಡ.

"ಇದು ಹುಟ್ಟಿದ್ದು ಎಲ್ಲಿ ಗೊತ್ತಾ? ಅಡುಗೆಮನೇಲಿ! ಒಬ್ಬ ಬೋಗುಣಿ ಬಡಿದು ತಾಳ ಹಾಕ್ತಿದ್ದ. ಒಬ್ಬಳು ಮುದುಕಿ ಹಿಟ್ಟು ನಾದ್ತಾ, 'ಆ ಪದ ಬೇಡ ಕಣೇ, ಈ ಪದ ಹಾಕು' ಅಂತ ಗದರ್ತಿದ್ದಳು. ಏನು ಸೊಗಸು ಅಂತೀರಿ!"

ಚಪ್ಪಾಳೆ ಬೀಳಲಿಲ್ಲ. ಕೂತವರೆಲ್ಲ ಒಂದಲ್ಲ ಒಂದು ಹಾಡನ್ನು ಹೀಗೇ ಕಳೆದುಕೊಂಡವರು. ವೆರ್ನಾ ಮೈಕಿನ ಕಡೆ ಬಾಗಿದಳು. ಈಗ ಸುಮ್ಮನಿದ್ದರೆ ಅವ್ವನ ಹಾಡೂ ಕೈಬಿಟ್ಟು ಹೋದಂತೆ.

"ಹಾಗಾದ್ರೆ ಕೋಣೇಲಿ ಅವರೂ ಇದ್ರು ಅಂತಾಯ್ತಲ್ಲ, ಸಾಹೇಬ್ರೇ?"

"ಇದ್ರು... ಆದ್ರೆ ಅವರೇನು ಹಾಡಿನವರಾ?"

"ನೀವೇನು ಬರೆದ್ರಿ?" ಹಿಂದಿನಿಂದ ಯಾರೋ ಕೂಗಿದರು.

"ಓಹೋ!" ಅವನದೇ ಮೂಗಿನ ದನಿಯಲ್ಲಿ ವೆರ್ನಾ ಉತ್ತರ ಕೊಟ್ಟಳು. ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು.

ಬರ್ನೀಸ್ ಕುರ್ಚಿಯೊಂದನ್ನು ದರದರ ಎಳೆದುಕೊಂಡು ಬಂದಳು. ಅವಳ ಹಿಂದೆ ಅರ್ನುಲ್ಫೊ, ಬಡಿಸುವ ಹುಡುಗಿಯರು. ಹಾಡು ಬರೆದವರು ಇವರೆಂದು ವೆರ್ನಾ ಒಂದೊಂದೇ ಹೆಸರು ಕೂಗಿದಳು. ಹೆಸರಿಗೊಂದು ಸಲ ಜನ ಮೇಜು ಗುದ್ದಿದರು.

"ಸ್ಟುಡಿಯೋ ಬಾಗಿಲು ನಿನಗೆ ಮುಚ್ಚಿತು ಅಂತ ತಿಳ್ಕೋ!" ಡೂಗನ್ ಹಲ್ಲು ಕಡಿದ.

"ಅಡುಗೆಮನೇದು ತೆರೆದೇ ಇದೆ," ಎಂದಳು ವೆರ್ನಾ.

"ಮತ್ತೆ ನನ್ನ ಪಾಲು?"

"ಯಾಕಿಲ್ಲ? ಸಮಪಾಲೇ," ಎಂದಳು ಬರ್ನೀಸ್. "ಬೆಳಕು ಹರಿಯೋ ಮುಂಚೆ ಬಂದ್ಬಿಡಪ್ಪ. ಹಿಟ್ಟು ನಾದೋದಿದೆ."