ಒಂಬತ್ತನೆಯ ಪ್ರಶ್ನೆ: ಹಿಂದಿನಿಂದ ಕರೆದರೆ ತಿರುಗುತ್ತದೆಯೇ?

1

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಗೊತ್ತಾಗದೆ ಹನ್ನೊಂದು ಸಲ ಬರೆದು ಹರಿದು ಹಾಕಿದ್ದೇನೆ. ಮೊದಲನೆಯ ಪ್ರತಿ ಹೀಗಿತ್ತು: "ಬೆಳಗಿನ ಎಳೆಬಿಸಿಲು ತಪಾಸಣಾ ಕೊಠಡಿಯ ಕಿಟಕಿಯಿಂದ ಒಳಗೆ ಇಣುಕುತ್ತಿತ್ತು." ಬಿಸಿಲಿಗೆ ಬೇರೆ ಕೆಲಸವಿಲ್ಲವೇ? ಪ್ರತಿ ಕಥೆಗೂ ಬಂದು ಇಣುಕಬೇಕೇ? ಅಲ್ಲದೆ ಆ ಕೊಠಡಿಗಿರುವ ಒಂದೇ ಕಿಟಕಿಗೆ ಹಳೇ ಫೈಲುಗಳ ಬೀರು ಅಡ್ಡ ನಿಂತಿದೆ. ಅಲ್ಲಿ ಬಿಸಿಲು ಬೀಳಬೇಕೆಂದರೆ ಅರ್ಜಿ ಹಾಕಬೇಕು.

ಎರಡನೆಯದನ್ನು ಬೈಗುಳದಿಂದ ಶುರು ಮಾಡಿದೆ. ಸಂಜೆ ತರಗತಿಯಲ್ಲಿ ನಮಗೆ ಪಾಠ ಮಾಡುತ್ತಿದ್ದ ಮೇಷ್ಟ್ರು, ಬರೆಯುವವರು ಕೋಪ ಮಾಡಿಕೊಳ್ಳಬಾರದು, ಓದುವವರಿಗೆ ಕೋಪ ಬರುವ ಹಾಗೆ ಬರೆಯಬೇಕು ಎನ್ನುತ್ತಿದ್ದರು. ದಿನವಿಡೀ ದುಡಿದು ಬಂದು ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ನಾನು ಅದೊಂದನ್ನು ಮಾತ್ರ ಬರೆದುಕೊಂಡಿದ್ದೆ. ಆ ಹಾಳೆ ಈಗ ಸಿಗುತ್ತಿಲ್ಲ. ಹಾಗಾಗಿ ಕೋಪ ನನಗೇ ಬಂದಿದೆ. ಕ್ಷಮಿಸಿ.

(ಮೊದಲ ಪುಟದಲ್ಲೇ ಕ್ಷಮೆ ಕೇಳಿಬಿಟ್ಟೆ. ಇನ್ನೆಷ್ಟು ಸಲ ಕೇಳುತ್ತೇನೋ.)

ಸರಿ. ಒಂದು ಕುರ್ಚಿಯಿಂದ ಶುರು ಮಾಡುತ್ತೇನೆ.

2

ಸಣ್ಣ ಮಕ್ಕಳು ವಯಸ್ಸಿಗೆ ತಕ್ಕಂತೆ ನಡೆಯುತ್ತಾರೆಯೇ, ಮಾತಾಡುತ್ತಾರೆಯೇ, ಜನರ ಜೊತೆ ಬೆರೆಯುತ್ತಾರೆಯೇ ಎಂದು ನೋಡುವ ಕೇಂದ್ರ ಅದು. ತೊಂದರೆಯಿದ್ದರೆ ಬೇಗ ಗೊತ್ತಾಗಲಿ, ಗೊತ್ತಾದರೆ ಬೇಗ ಏನಾದರೂ ಮಾಡಬಹುದು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶ. (ವ್ಯಂಗ್ಯವಲ್ಲ. ನಿಜಕ್ಕೂ ಒಳ್ಳೆಯದು. ನನ್ನ ಕೋಪ ಬೇರೆ ಕಡೆಗಿದೆ, ತಾಳಿ.) ಒಂದು ಮಗುವಿಗೆ ಹದಿನೆಂಟು ಪ್ರಶ್ನೆ, ಎಂಟು ನಿಮಿಷ. ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತದೆಯೇ? ಚೆಂಡು ಎಲ್ಲಿ ಎಂದರೆ ತೋರಿಸುತ್ತದೆಯೇ? ಒಂಬತ್ತನೆಯ ಪ್ರಶ್ನೆ: ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ? ಹೌದು, ಇಲ್ಲ, ಕೆಲವೊಮ್ಮೆ. ಒಂದಕ್ಕೆ ಟಿಕ್ ಹಾಕಬೇಕು.

ಈ ಕೆಲಸ ಮಾಡುವವಳನ್ನು ಮಕ್ಕಳು ಗಿಲಕಿ ಅಕ್ಕ ಎನ್ನುತ್ತಾರೆ, ಅವಳ ಜೇಬಿನಲ್ಲಿ ಸದಾ ಒಂದು ಗಿಲಕಿ ಇರುತ್ತದೆ. ಅವಳು ಸೇರಿದ ಹೊಸದರಲ್ಲಿ ತಾಯಂದಿರನ್ನು ಹೊರಗೆ ನಿಲ್ಲಿಸುತ್ತಿದ್ದರು. ಮಕ್ಕಳು ಸೂರು ಹಾರಿಹೋಗುವಂತೆ ಅಳುತ್ತಿದ್ದವು. ನೋಡಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಒಂದು ದಿನ ಕುರ್ಚಿಯೊಂದನ್ನು ಎಳೆದು ತಂದು ಚಾಪೆಯ ಎದುರಿಗೆ ಹಾಕಿದಳು. "ಅಮ್ಮ ಇಲ್ಲಿ ಕೂತ್ಕೊಳ್ಳಲಿ. ಮಗು ಅಮ್ಮನ ಮುಖ ನೋಡ್ಕೊಂಡಿರುತ್ತೆ. ನಾನು ಹಿಂದಿನಿಂದ ಕರೀತೀನಿ."

ಅಳು ನಿಂತಿತು. ಮೇಲ್ವಿಚಾರಕರು ಖುಷಿಪಟ್ಟು ಕುರ್ಚಿಯ ಫೋಟೋ ತೆಗೆಸಿ ತರಬೇತಿ ಪುಸ್ತಕದ ಹದಿನಾಲ್ಕನೆಯ ಪುಟಕ್ಕೆ ಹಾಕಿಸಿದರು. ಉಳಿದ ಆರು ಕೇಂದ್ರಗಳಲ್ಲೂ ಹಾಗೇ ಕುರ್ಚಿ ಬಂತು. ಅವಳ ಅತ್ತೆ ಮನೆಗೆ ಬಂದವರಿಗೆಲ್ಲ ಆ ಪುಟ ತೆರೆದು, "ನಮ್ಮ ಸೊಸೆ ಕಂಡುಹಿಡಿದದ್ದು" ಎಂದು ತೋರಿಸುತ್ತಿದ್ದರು. ವಿಮಾನ ಕಂಡುಹಿಡಿದ ಹಾಗೆ.

3

ಈಗ ಹುಡುಗಿ ಬರಬೇಕು. ಅವಳಿಗೆ ಹೆಸರಿದೆ, ನಾನು ಹೇಳುವುದಿಲ್ಲ. ಹೇಳಿದರೆ ನೀವೂ ಕರೆಯುತ್ತೀರಿ. ಅಮ್ಮ ಅವಳನ್ನು ಕುಳ್ಳಿ ಎನ್ನುತ್ತಾಳೆ, ಅಷ್ಟು ಸಾಕು. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು.

ಕುಳ್ಳಿಗೆ ಒಂದೂವರೆ ವರ್ಷವಾಗಿದ್ದಾಗ ಅಮ್ಮ ಕೇಂದ್ರಕ್ಕೆ ಬಂದು, ತಪ್ಪು ಮಾಡಿದವಳಂತೆ ಸಣ್ಣ ದನಿಯಲ್ಲಿ ಹೇಳಿದ್ದಳು: "ಬಾಗಿಲು ಧಡಾರಂತ ಬಡಿದ್ರೂ ಇವಳು ಏಳಲ್ಲಕ್ಕ."

"ನೋಡೇಬಿಡೋಣ ಬನ್ನಿ" ಎಂದು ಗಿಲಕಿ ಅಕ್ಕ ಹಿಂದೆ ನಿಂತು ಹೆಸರು ಕರೆದಳು. ಕುಳ್ಳಿ ಗಕ್ಕನೆ ತಿರುಗಿ ನಕ್ಕಳು.

"ನೋಡಿದ್ರಾ? ಸುಮ್ಮನೆ ತಲೆ ಕೆಡಿಸ್ಕೊಂಡಿದ್ದೀರಿ. ನಿದ್ದೆಬುರುಕಿ, ಅಷ್ಟೇ."

ಅಮ್ಮ ಕುರ್ಚಿಯಲ್ಲೇ ಅತ್ತಳು, ಸಮಾಧಾನಕ್ಕೆ. ಹೌದು, ಟಿಕ್. ಮೂರನೇ ವರ್ಷದಲ್ಲಿ ಮತ್ತೆ ಕರೆ, ಮತ್ತೆ ತಿರುಗಿದಳು, ಮತ್ತೆ ಟಿಕ್. ಮಾತು ಮಾತ್ರ ಅರ್ಧಂಬರ್ಧ. ಅದರ ಪಕ್ಕ ಗಿಲಕಿ ಅಕ್ಕ ದುಂಡಗೆ ಬರೆದಳು: "ಕಾದು ನೋಡಿ."

(ಕಾದು ನೋಡಿ! ಈ ಎರಡು ಪದಗಳನ್ನು ನಾಲ್ಕು ಸಲ ಹೊಡೆದು ಹಾಕಿ ನಾಲ್ಕು ಸಲ ಮತ್ತೆ ಬರೆದೆ. ಇದಕ್ಕಿಂತ ಕೆಟ್ಟ ಬೈಗುಳ ನನಗೆ ಸಿಗಲಿಲ್ಲ.)

ಈಗ ಕುಳ್ಳಿಗೆ ಐದು. ಶಾಲೆಯಿಂದ ಚೀಟಿ ಬಂದಿದೆ: "ಹಠಮಾರಿ. ಪಕ್ಕದವರನ್ನು ಹೊಡೆಯುತ್ತಾಳೆ. ಟೀಚರನ್ನು ಲೆಕ್ಕಕ್ಕೇ ಇಡುವುದಿಲ್ಲ. ನಡವಳಿಕೆಯ ತಪಾಸಣೆ ಮಾಡಿಸದೆ ಕಳಿಸಬೇಡಿ."

3, ಮತ್ತೊಮ್ಮೆ

ಈ ಭಾಗವನ್ನು ನಿಧಾನವಾಗಿ ಬರೆಯುತ್ತೇನೆ, ಇಲ್ಲಿ ತಪ್ಪಬಾರದು.

ಕುಳ್ಳಿ ಚಾಪೆಯ ಮೇಲೆ ಕೂತಿದ್ದಾಳೆ. ಎದುರಿಗೆ ಕುರ್ಚಿಯಲ್ಲಿ ಅಮ್ಮ. ಹಿಂದೆ ಗಿಲಕಿ ಅಕ್ಕ. ಅಮ್ಮ ಶಾಲೆಯ ಚೀಟಿ ಹುಡುಕಲು ಬಗ್ಗಿ ಚೀಲದೊಳಗೆ ಕೈಹಾಕಿದ್ದಾಳೆ. ಅದೇ ಹೊತ್ತಿಗೆ ಗಿಲಕಿ ಅಕ್ಕ ಹೆಸರು ಕರೆದಳು.

ಕುಳ್ಳಿ ತಿರುಗಲಿಲ್ಲ.

ಇನ್ನೊಮ್ಮೆ ಕರೆದಳು. ಗಿಲಕಿ ಅಲ್ಲಾಡಿಸಿದಳು. ಕುಳ್ಳಿ ಅಮ್ಮನ ನೆತ್ತಿಯನ್ನೇ ನೋಡುತ್ತಿದ್ದಳು.

"ಸಿಕ್ತು ನೋಡಿ ಚೀಟಿ" ಎಂದು ಅಮ್ಮ ತಲೆಯೆತ್ತಿ, ಮಗಳ ತಲೆಯ ಮೇಲಿಂದ ಗಿಲಕಿ ಅಕ್ಕನನ್ನು ನೋಡಿದಳು. ಆ ನೋಟ ಹಿಡಿದು ಕುಳ್ಳಿ ಗಕ್ಕನೆ ತಿರುಗಿ ನಕ್ಕಳು.

ಗಿಲಕಿ ಅಕ್ಕ ಗಿಲಕಿಯನ್ನು ಕೆಳಗಿಟ್ಟು ಆ ಕುರ್ಚಿಯನ್ನೇ ನೋಡಿದಳು. ಯಾರಾದರೂ ಹೆಸರು ಕರೆದರೆ ಎದುರಿಗೆ ಕೂತ ತಾಯಿ ಕರೆದವರ ಮುಖ ನೋಡದೆ ಇರುತ್ತಾಳೆಯೇ? ಮಗು ಅಮ್ಮನ ಕಣ್ಣು ಓದುತ್ತಿತ್ತು. ಇಷ್ಟು ವರ್ಷ ಅವಳು ಪರೀಕ್ಷೆ ಮಾಡಿದ್ದು ತಾಯಂದಿರ ಕಿವಿಯನ್ನು.

5

(ನಾಲ್ಕರಲ್ಲಿ ದೊಡ್ಡ ಆಸ್ಪತ್ರೆ, ಗಾಜಿನ ಕೋಣೆ, ಕಿವಿಗೆ ಹಾಕುವ ಯಂತ್ರ ಇತ್ತು. ಹರಿದೆ. ವರದಿ ಒಂದೇ ಸಾಲು: ಎರಡೂ ಕಿವಿ, ಬಹುಶಃ ಹುಟ್ಟಿನಿಂದಲೇ.)

ವರದಿ ಹಿಡಿದು ಅಮ್ಮ ಬಂದಳು. ಈ ಸಲ ದನಿ ಸಣ್ಣದಿರಲಿಲ್ಲ.

"ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ."

"ಏನಂದ್ರಿ ನೀವು? ನಿದ್ದೆಬುರುಕಿ ಅಂದ್ರಿ."

"ಅಂದೆ."

"ಈ ಕೈ ನೋಡಿ. ಈ ಕೈಯಿಂದ ಹೊಡೆದಿದ್ದೀನಿ ಅವಳನ್ನ. ಕೂಗಿ ಕೂಗಿ ಗಂಟಲು ಕಿತ್ತು ಬಂದ್ರೂ ತಿರುಗಲ್ಲ ಅಂತ. ಕಿವಿ ಚೆನ್ನಾಗಿದೆ ಅಂತ ನೀವೇ ಬರ್ಕೊಟ್ಟಿದ್ರಲ್ಲ, ಅದಕ್ಕೇ ಬೇಕಂತ್ಲೇ ಮಾಡ್ತಾಳೆ ಅಂದ್ಕೊಂಡೆ. ನೀವು ಆ ಟಿಕ್ ಹಾಕದೆ ಇದ್ದಿದ್ರೆ ನಾನು ಹೊಡೀತಿರ್ಲಿಲ್ಲ. ಗೊತ್ತಾಯ್ತಾ?"

ಗಿಲಕಿ ಅಕ್ಕ ಏನು ಹೇಳಿದಳು ಎಂದು ನೀವು ಕೇಳಬಹುದು. ನಾನು ಅವಳ ಬಾಯಿಗೆ ಐದಾರು ಮಾತು ಇಟ್ಟು ನೋಡಿದೆ. ಒಂದನ್ನೂ ಆಡಲಿಲ್ಲ.

6

ಮೇಲ್ವಿಚಾರಕರ ಕೋಣೆ. ಗೋಡೆಯ ಮೇಲೆ ನಗುವ ಮಗುವಿನ ಪೋಸ್ಟರ್: ಬೇಗ ತಿಳಿಯಿರಿ.

"ಕೂತ್ಕೊಳ್ಳಮ್ಮ. ಮುಖ ಯಾಕೆ ಹಾಗೆ? ಒಂದು ಸಾಲು ಬರೆದು ಸಹಿ ಹಾಕು. 'ಮೂರು ವರ್ಷದ ನಂತರ ಕಾಣಿಸಿಕೊಂಡ ದೋಷ.' ಮುಗೀತು."

"ಹುಟ್ಟಿನಿಂದ ಅಂತ ವರದಿ ಇದೆ ಸಾರ್."

"ಬಹುಶಃ ಅಂತಿದೆ. ಆ 'ಬಹುಶಃ'ದೊಳಗೆ ನಾವೆಲ್ಲ ಆರಾಮಾಗಿ ಕೂರಬಹುದು."

"ಇವಳೊಬ್ಬಳೇ ಅಲ್ಲ ಸಾರ್. ಆ ಕುರ್ಚಿ ಎದುರು ಕೂತ ಮಕ್ಕಳನ್ನೆಲ್ಲ ಮತ್ತೆ ಕರೀಬೇಕು. ಏಳೂ ಕೇಂದ್ರದಲ್ಲಿ."

ಅವರು ಕನ್ನಡಕ ತೆಗೆದರು. "ನಾಲ್ಕು ವರ್ಷದಿಂದ ಬಂದುಹೋದ ಮಕ್ಕಳನ್ನೆಲ್ಲ? ನಿನಗೇನು ತಲೆ ಕೆಟ್ಟಿದೆಯಾ? ಹದಿನಾಲ್ಕನೇ ಪುಟದಲ್ಲಿ ಕುರ್ಚಿ ನಿನ್ನದು, ಕೆಳಗಡೆ ಹೆಸರು ನನ್ನದು. ತಾಯಂದಿರು ಬಂದು ಬಾಗಿಲಲ್ಲಿ ನಿಂತ್ರೆ ಯಾರು ಉತ್ತರ ಕೊಡ್ತಾರೆ? ಒಂದು ಮಗು, ಒಂದು ತಪ್ಪು. ಅಷ್ಟಕ್ಕೇ ಬಿಡು."

ಅವರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಇಲ್ಲಿ ನಾನು ಸಿಕ್ಕಿಹಾಕಿಕೊಂಡಿದ್ದೇನೆ.

ಮುಕ್ತಾಯ: ಒಂದು

ಅವಳು ಸಹಿ ಹಾಕಿದಳು. ಮನೆಗೆ ಹೋಗಿ ಮುಖ ತೊಳೆದು ಕನ್ನಡಿ ನೋಡಿಕೊಂಡಳು...

"ಥೂ" ಎಂದಳು ಗಿಲಕಿ ಅಕ್ಕ, ಕಥೆಯ ಒಳಗಿನಿಂದ. "ಕನ್ನಡಿ ಬೇರೆ! ನಾನು ಹಾಳಾಗಿ ಹೋದೆ ಅಂತ ನೀನು ಚೆಂದವಾಗಿ ಬರೀತೀಯ. ಆ ಮಕ್ಕಳು?"

ಮುಕ್ತಾಯ: ಇನ್ನೊಂದು

ಅವಳು ಪೆನ್ನು ಬಿಸಾಡಿ, "ನನಗೆ ನಿಮ್ಮ ಕೆಲಸ ಬೇಡ" ಎಂದು ಬಾಗಿಲು ಬಡಿದು ಹೊರನಡೆದಳು.

"ಸಿನಿಮಾ ನೋಡ್ತೀಯಾ ಜಾಸ್ತಿ? ನಾನು ಬಿಟ್ಟು ಹೋದ್ರೆ ರಿಜಿಸ್ಟರ್ ತೆಗೆದು ಆ ಮನೆಗಳಿಗೆಲ್ಲ ಫೋನ್ ಮಾಡೋರು ಯಾರು? ನೀನಾ?"

ಬಾಗಿಲು ಬಡಿದದ್ದನ್ನು ಹೊಡೆದು ಹಾಕಿದೆ.

ಮುಕ್ತಾಯ: ಹಕ್ಕಿ ಇರುವ ಪ್ರತಿ

ಕುಳ್ಳಿಗೆ ಯಂತ್ರ ಬಂತು. ಮೊದಲ ಸಲ ಹಕ್ಕಿಯೊಂದು ಕೂಗಿದ್ದು ಕೇಳಿ ಅವಳ ಕಣ್ಣಲ್ಲಿ...

ಈ ಸಲ ಎದ್ದು ಬಂದದ್ದು ಕುಳ್ಳಿಯ ಅಮ್ಮ. ಅವಳು ನನ್ನ ಜೊತೆ ಅಲ್ಲಿಯವರೆಗೆ ಮಾತಾಡಿಯೇ ಇರಲಿಲ್ಲ. "ಆ ಹಕ್ಕೀನ ತೆಗೀರಿ. ಯಂತ್ರ ಹಾಕಿದ ದಿನ ಅವಳು ಹೆದರಿ ಚೀರಿ ಕಿತ್ತು ಬಿಸಾಕಿದಳು. ಒಂದೂವರೆ ವರ್ಷದಲ್ಲೇ ಹಾಕಿದ್ರೆ ಇಷ್ಟೊತ್ತಿಗೆ ನನ್ನ ಜೊತೆ ಜಗಳ ಆಡ್ತಿದ್ಳು. ಮೂರೂವರೆ ವರ್ಷ. ಅದನ್ನ ಯಾವ ಪುಟದಲ್ಲಿ ತಂದು ಕೊಡ್ತೀರಿ?"

ಹಕ್ಕಿಯನ್ನು ತೆಗೆದೆ. ಕ್ಷಮಿಸಿ.

6, ಆ ಇಬ್ಬರು ಹೆಂಗಸರೇ ಬರೆಸಿದ ಪ್ರಕಾರ

ಗಿಲಕಿ ಅಕ್ಕ ಪೆನ್ನು ತೆಗೆದುಕೊಂಡಳು. ಮೇಲ್ವಿಚಾರಕರು ಹೇಳಿದ ಜಾಗದಲ್ಲೇ ಬರೆದಳು: "ದೋಷ ಮೊದಲಿನಿಂದಲೂ ಇತ್ತು. ನಾನು ಹಾಕಿಸಿದ ಕುರ್ಚಿಯಿಂದಾಗಿ ಕಾಣಲಿಲ್ಲ. ತಾಯಿ ಹೇಳಿದ್ದರು. ನಾನು ಕೇಳಲಿಲ್ಲ." ಸಹಿ ಹಾಕಿ, ಮುಚ್ಚಳ ಹಾಕಿ, ಪೆನ್ನನ್ನು ಅವರ ಮುಂದಿಟ್ಟಳು.

"ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆ" ಎಂದರು ಅವರು. "ನನ್ನ ಕಾಲ ಮೇಲೂ."

"ಹೌದು ಸಾರ್" ಎಂದಳು. ಅಂದೇ ಉಳಿದ ಆರು ಕೇಂದ್ರಗಳಿಗೆ ಫೋನ್ ಮಾಡಿ, ಕುರ್ಚಿಯನ್ನು ಗೋಡೆಗೆ ತಿರುಗಿಸಿ ಎಂದಳು. ಮೂರು ಕಡೆ ನಕ್ಕರು. ಮೇಲಿನಿಂದ ಕಾಗದ ಬರಲಿ ಎಂದರು.

ಅವಳು ಕಾಗದಕ್ಕೆ ಕಾಯಲಿಲ್ಲ. ರಿಜಿಸ್ಟರಿನ ಕೊನೆಯ ಹೆಸರಿನಿಂದ ಹಿಂದಕ್ಕೆ, ಒಂದೊಂದೇ ಮನೆಗೆ ಫೋನ್ ಮಾಡತೊಡಗಿದಳು.

7

ರಜೆಯ ದಿನ, ಕೊಠಡಿಯ ಬಾಗಿಲು. ಕುಳ್ಳಿಯ ಅಮ್ಮ ಬಂದು ನಿಂತಿದ್ದಾಳೆ.

"ನೀವ್ಯಾಕೆ ಬಂದ್ರಿ?" ಎಂದಳು ಗಿಲಕಿ ಅಕ್ಕ.

"ನಿಮ್ಮನ್ನ ನಂಬಲ್ಲ, ಅದಕ್ಕೇ ಬಂದೆ. ಇವತ್ತು ಬರೋ ಅಮ್ಮಂದಿರ ಕಣ್ಣು ನಾನು ಕಾಯ್ತೀನಿ."

ನಾನು ಇಲ್ಲಿ ಅವರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು ಎಂದು ಬರೆದಿದ್ದೆ. ಇಬ್ಬರೂ ಒಟ್ಟಿಗೆ ನನ್ನನ್ನು ದುರುಗುಟ್ಟಿ ನೋಡಿದರು.

ಮೊದಲ ಮಗು ಬಂತು. ಎರಡು ವರ್ಷದ್ದು, ಕೆನ್ನೆಗೆ ಅಂಟಿದ ಬಿಸ್ಕತ್ತಿನ ಚೂರು ಸಮೇತ. ಅದರ ಫಾರಂನಲ್ಲಿ ಒಂಬತ್ತನೆಯ ಪ್ರಶ್ನೆಗೆ ಹೌದು ಎಂದಿದೆ. ಅದರ ಅಮ್ಮ ಗಾಬರಿಯಿಂದ ಕುರ್ಚಿಯ ತುದಿಯಲ್ಲಿ ಕೂತಳು.

"ಹಾಗಲ್ಲ" ಎಂದಳು ಕುಳ್ಳಿಯ ಅಮ್ಮ. "ಗೋಡೆ ಕಡೆ ಮುಖ ಮಾಡ್ರೀ. ಕಣ್ಣು ಮುಚ್ಚಿ. ಪೂರ್ತಿ ಮುಚ್ಚಿ, ಕಳ್ಳಾಟ ಆಡಬೇಡಿ."

ಆಕೆ ಮುಚ್ಚಿದಳು. ಕುಳ್ಳಿಯ ಅಮ್ಮನೂ ಗೋಡೆಗೆ ತಿರುಗಿದಳು. ಗಿಲಕಿ ಅಕ್ಕ ಮಗುವಿನ ಹಿಂದೆ ನಿಂತು ಉಸಿರು ಎಳೆದುಕೊಂಡಳು. ಆಮೇಲೆ ಕರೆಯದೆ, ತಲೆಯೆತ್ತಿ ನನ್ನ ಕಡೆ ನೋಡಿದಳು.

"ನೀನು?"

"ನಾನು ಬರೀತಾ ಇದ್ದೀನಿ ಅಷ್ಟೇ."

"ಅದೇ. ಮೊದಲನೇ ಸಾಲಿನಿಂದ ಎದುರಿಗೆ ಕೂತು, ಎಲ್ಲಿ ನೋಡಬೇಕು ಅಂತ ಕಣ್ಣಲ್ಲೇ ತೋರಿಸ್ತಾ ಬಂದಿದ್ದೀಯ. ನೀನೂ ಆ ಕುರ್ಚಿನೇ. ತಿರುಗು." ಆಮೇಲೆ ನನ್ನ ಹೆಗಲ ಮೇಲಿಂದ ಆಚೆ ನೋಡಿ, "ನಿನ್ನ ಹಿಂದೆ ಇನ್ನೊಬ್ಬರು ಓದ್ತಾ ಕೂತಿದ್ದಾರಲ್ಲ, ಅವರಿಗೂ ಹೇಳು" ಎಂದಳು.

ಹೇಳುತ್ತಿದ್ದೇನೆ. ಮಗು ತಿರುಗಿತೋ ಇಲ್ಲವೋ ತಿಳಿಯಬೇಕೆಂಬ ಆಸೆ ನಿಮಗಿದೆ, ನನಗೂ ಇದೆ. ಆದರೆ ನಮ್ಮಿಬ್ಬರಲ್ಲಿ ಒಬ್ಬರ ಕಣ್ಣು ತೆರೆದಿದ್ದರೂ ಈ ಪರೀಕ್ಷೆ ಸುಳ್ಳಾಗುತ್ತದೆ, ಮತ್ತೊಂದು ಹೌದು ಬೀಳುತ್ತದೆ. ಪೆನ್ನು ಕೆಳಗಿಟ್ಟು ಗೋಡೆಗೆ ತಿರುಗುತ್ತಿದ್ದೇನೆ. ನೀವೂ ಈ ಹಾಳೆಯಿಂದ ಕಣ್ಣು ತೆಗೆಯಿರಿ.

ಅವಳು ಈಗ ಕರೆಯುತ್ತಾಳೆ.